ಮೀಸೆ ಇದ್ದವನೇ ಜನರಲ್

ಫೆಬ್ರವರಿ 3, ಸೋಮವಾರ

ಇವತ್ತು ಬೆಂಚಿನ ಮಹಾಶಯರು ಪಕ್ಕದ ದೇಶಕ್ಕೊಂದು ಸರ್ಕಾರ ರಚಿಸಿಕೊಟ್ಟರು. ನಾನು ಕೆಲಸದಿಂದ ಬರುವಾಗ ಶುರುವಾಗಿತ್ತು, ಹಾಲು ತರಲು ಮತ್ತೆ ಇಳಿಯುವಷ್ಟರಲ್ಲಿ ಮಂತ್ರಿಮಂಡಲ ಮುಗಿದು ಟೀ ಕುಡಿಯುತ್ತಿದ್ದರು. ನಮ್ಮ ಕಟ್ಟಡದ ನೀರಿನ ಪಂಪು ಕೆಟ್ಟು ತಿಂಗಳಾಯಿತು. ಅದಕ್ಕೊಂದು ಅರ್ಜಿ ಕೊಡಲು ಈ ಮೂವರಿಗೆ ಇನ್ನೂ ಪುರುಸೊತ್ತಾಗಿಲ್ಲ.

ನನ್ನ ಕೆಲಸವೇ ಮಾತು. ಬೆಳಿಗ್ಗೆಯಿಂದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಟ್ರಂಕ್ ಕಾಲ್‌ಗಳನ್ನು ಜೋಡಿಸುತ್ತೇನೆ. ‘ಮಾತಾಡಿ’, ‘ಮೂರು ನಿಮಿಷ ಆಯ್ತು’, ‘ಇನ್ನೂ ಬೇಕಾ?’. ಮನೆಗೆ ಬಂದರೆ ಒಂದಿಷ್ಟು ಮೌನ ಸಿಕ್ಕೀತು ಅಂದುಕೊಂಡರೆ ಮೆಟ್ಟಿಲ ಬುಡದಲ್ಲೇ ಟೈಲರ್ ಅಂಗಡಿ, ಅಂಗಡಿಯ ಮುಂದೆ ಬೆಂಚು, ಬೆಂಚಿನ ಮೇಲೆ ಇವರು. ಟೈಲರ್ ಅಳತೆ ತೆಗೆದುಕೊಳ್ಳುತ್ತಲೇ ಲೋಕದ ರಾಜಕೀಯ ಹೇಳುತ್ತಾನೆ. ಅದಕ್ಕೇ ಅವನು ಹೊಲಿದ ಒಂದು ಬಟ್ಟೆಯೂ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಮೊದಲ ಮಹಡಿಯ ತಾತ ಪೆನ್ಷನ್ ತೆಗೆದುಕೊಂಡು ಟ್ರಾನ್ಸಿಸ್ಟರನ್ನು ಮಗುವಿನಂತೆ ಎತ್ತಿಕೊಂಡು ಓಡಾಡುತ್ತಾನೆ. ಎದುರಿನ ಔಷಧಿ ಅಂಗಡಿಯವ ಗಿರಾಕಿ ಕೆಮ್ಮುತ್ತಾ ನಿಂತಿದ್ದರೂ ಇಲ್ಲಿಂದ ಏಳುವುದಿಲ್ಲ.

ಗಡಿ ಇಲ್ಲಿಂದ ಒಂದು ರಾತ್ರಿಯ ರೈಲು ದಾರಿ. ಮೂವರಲ್ಲಿ ಒಬ್ಬನೂ ದಾಟಿದವನಲ್ಲ. ಅಲ್ಲಿ ಒಬ್ಬ ಜನರಲ್, ಒಬ್ಬ ಡಾಕ್ಟರ್ ಚುನಾವಣೆಗೆ ನಿಂತಿದ್ದಾರೆ, ಇಷ್ಟೇ ಇವರಿಗೆ ಗೊತ್ತಿರುವುದು. ಅಷ್ಟರಲ್ಲೇ ತಾತನ ತೀರ್ಪು ಆಯಿತು: ಆ ಜನಕ್ಕೆ ಬೆತ್ತ ಹಿಡಿದವನೇ ಸರಿ. ಅವನಿಗೆ ಮನೆಯಲ್ಲಿ ಸೊಸೆ ಎರಡನೇ ಲೋಟ ಟೀ ಕೊಡುವುದಿಲ್ಲ.

ನನ್ನ ಗಂಡ ಆ ದೇಶದಲ್ಲಿರುವುದು ಮೂವರಿಗೂ ಗೊತ್ತು. ಇವರು ಅಲ್ಲಿ ಹೊಸ ಆಸ್ಪತ್ರೆಯೊಂದಕ್ಕೆ ಲಿಫ್ಟ್ ಕೂರಿಸುತ್ತಿದ್ದಾರೆ, ವರ್ಷವಾಗುತ್ತಾ ಬಂತು. ಈ ತಿಂಗಳ ಕೊನೆಗೆ ಕೆಲಸ ಮುಗಿಸಿ ಬರಬೇಕು. ನನಗೆ ಆ ಚುನಾವಣೆಯಿಂದ ಬೇಕಾದದ್ದು ಅದೊಂದೇ.

ಫೆಬ್ರವರಿ 6, ಗುರುವಾರ

ಟೈಲರ್ ಯಾವುದೋ ಪತ್ರಿಕೆಯಿಂದ ಇಬ್ಬರ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದ್ದಾನೆ. ಕತ್ತರಿಸುವಾಗ ಕೆಳಗಿದ್ದ ಹೆಸರುಗಳೂ ಹೋದವಂತೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತಾನೇ ಬರೆದಿದ್ದಾನೆ. ಹುರಿಮೀಸೆಯ, ದಪ್ಪ ಹುಬ್ಬಿನವನ ಕೆಳಗೆ ‘ಜನರಲ್’. ಬೋಳುತಲೆಯ, ಕನ್ನಡಕ ಹಾಕಿಕೊಂಡು ಮೊಮ್ಮಕ್ಕಳ ಮಧ್ಯೆ ಕೂತಂತೆ ನಗುವವನ ಕೆಳಗೆ ‘ಡಾಕ್ಟರ್’.

ಸರಿಯಾಗಿ ತಿರುಗುಮುರುಗು.

ಹೋದ ತಿಂಗಳು ಇವರು ಕಳಿಸಿದ ಸ್ವೆಟರ್ ಸುತ್ತಿಕೊಂಡು ಬಂದದ್ದು ಚುನಾವಣೆಯ ಒಂದು ಪೋಸ್ಟರಿನಲ್ಲಿ. ಅದರಲ್ಲಿ ಇದೇ ಹುರಿಮೀಸೆ, ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್, ತೊಡೆಯ ಮೇಲೊಂದು ಮಗು. ಆ ಮೀಸೆಯವರೇ ಡಾಕ್ಟರ್, ಅದೂ ಮಕ್ಕಳ ಡಾಕ್ಟರ್. ಆ ಬೋಳುತಲೆಯ ನಗುವಿನವನು ಜನರಲ್. ಪೋಸ್ಟರ್ ದಪ್ಪ ಕಾಗದದ್ದು, ಹಾಳು ಮಾಡುವುದೇಕೆ ಎಂದು ಅಡುಗೆಮನೆಯ ಕಪಾಟಿಗೆ ಹಾಸಿದ್ದೇನೆ. ಅದರ ಮೇಲೆ ಸಕ್ಕರೆ ಡಬ್ಬಿ ಕೂತಿದೆ.

ಟೈಲರನ ತರ್ಕ ಕೇಳಿ ಮೆಟ್ಟಿಲ ಮೇಲೇ ನಗು ಬಂತು. “ಮೀಸೆ ನೋಡಿದ್ರೆ ಗೊತ್ತಾಗಲ್ವಾ, ಮಿಲಿಟರಿ” ಅಂದ. ತಾತ ತಲೆಯಾಡಿಸಿದ. ಔಷಧಿ ಅಂಗಡಿಯವ ಬೋಳುತಲೆಯ ಕಡೆ ಬೆರಳು ಮಾಡಿ ಡಾಕ್ಟರ ಕೈಗುಣ ಮುಖದಲ್ಲೇ ಕಾಣುತ್ತದೆ ಅಂದ. ಮುಖ ನೋಡಿ ಮಾತ್ರೆ ಕೊಡುವವನಲ್ಲವೇ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾನೇಕೆ ಹೇಳಲಿ? ಬಿದ್ದು ಹೊರಳಾಡಲಿ ತಮ್ಮ ಜ್ಞಾನದಲ್ಲಿ. ಇನ್ನು ದಿನವೂ ಮೆಟ್ಟಿಲು ಹತ್ತುವಾಗ ಬಿಟ್ಟಿ ಮನರಂಜನೆ.

ಫೆಬ್ರವರಿ 9, ಭಾನುವಾರ

ಭಾನುವಾರ ಇವರ ಫೋನು ಬರುವುದು ಔಷಧಿ ಅಂಗಡಿಗೆ. ನಮ್ಮ ಓಣಿಯಲ್ಲಿ ಇರುವುದು ಅದೊಂದೇ. ಊರಿಗೆಲ್ಲ ಫೋನು ಜೋಡಿಸುವ ನಾನು ಗಂಡನ ಜೊತೆ ಮಾತಾಡಲು ಕೆಮ್ಮಿನ ಔಷಧಿ ಬಾಟಲಿಗಳ ನಡುವೆ ನಿಲ್ಲಬೇಕು. ಹಿಂದೆ ಬೆಂಚಿನ ಪೂರ್ತಿ ಸಂಸತ್ತು ಕಿವಿ ನಿಮಿರಿಸಿಕೊಂಡು ನಿಂತಿತ್ತು.

ಇವರ ದನಿ ಉಲ್ಲಾಸವಾಗಿತ್ತು. ರೂಮಿನಲ್ಲಿ ಜೊತೆಗಿರುವ ಎಲೆಕ್ಟ್ರಿಷಿಯನ್‌ಗೆ ಚುನಾವಣೆಯ ಹುಚ್ಚು ನೆತ್ತಿಗೇರಿದೆಯಂತೆ. ಅವನು ಅಲ್ಲಿಯವನೇ. ಒಮ್ಮೆ ಅವನ ಮಗಳಿಗೆ ಜ್ವರ ನೆತ್ತಿಗೇರಿದಾಗ ಆ ಡಾಕ್ಟರ್ ಬೆಳಗಾಗುವ ತನಕ ಮಗುವಿನ ಪಕ್ಕ ಕೂತಿದ್ದರಂತೆ. ಅಂದಿನಿಂದ ಅವನಿಗೆ ಅವರೇ ದೇವರು. “ವೋಟು ಹಾಕೋ ದಿನಕ್ಕೆ ಅಂತ ಬಿಳಿ ಅಂಗಿ ಇಸ್ತ್ರಿ ಮಾಡಿ ಮೊಳೆಗೆ ನೇತು ಹಾಕಿದಾನೆ ಕಣೇ. ನಾನು ಆ ಕಡೆ ಟವೆಲ್ ಬೀಸಿದ್ರೂ ಬಯ್ತಾನೆ” ಅಂದು ನಕ್ಕರು.

ಚುನಾವಣೆಗೆ ಮುಂಚೆಯೇ ಬಂದುಬಿಡಿ ಅಂದೆ. ಎರಡು ಸಲ ಅಂದೆ. ಲಿಫ್ಟಿನ ಹಗ್ಗ ಒಂದು ಬಾಕಿ ಇದೆಯಂತೆ. “ರೋಗಿಗಳು ಹತ್ತೋದು ಅದು. ಅರ್ಧಕ್ಕೆ ಬಿಟ್ಟು ಹೇಗೆ ಬರ್ಲಿ?” ಅಂದರು. ಏನೋ ಹೇಳಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಹಿಂದಿನಿಂದ ತಾತ, “ಯಾರು ಗೆಲ್ತಾರಂತೆ ಕೇಳಮ್ಮಾ” ಎಂದು ಕೂಗಿದ. ಟೈಲರ್ ಅಲ್ಲಿ ಬಟ್ಟೆಯ ರೇಟು ಕೇಳು ಅಂದ. ಇವರಿಗೆ ಅದೆಲ್ಲ ಕೇಳಿಸಿ, ಪ್ರತಿಯೊಂದಕ್ಕೂ ಪಾಪದ ಮನುಷ್ಯ ಉತ್ತರ ಹೇಳುತ್ತಾ ಹೋದರು. ಮೂರು ನಿಮಿಷ ಮುಗಿಯಿತು. ಆ ಕಡೆಯ ಆಪರೇಟರ್ ನಾನು ಹೇಳುವ ದನಿಯಲ್ಲೇ ಹೇಳಿದಳು. ಲೈನು ಕಡಿಯಿತು.

ಇಂಥವರನ್ನು ಕಟ್ಟಿಕೊಂಡು ಬದುಕುವುದು ನನ್ನ ಹಣೆಬರಹ.

ಫೆಬ್ರವರಿ 13, ಗುರುವಾರ

ಪಂಥ ಕಟ್ಟಿದ್ದಾರೆ. ಸೋತವರು ಒಂದು ತಿಂಗಳು ಇಡೀ ಕಟ್ಟಡದ ಮೆಟ್ಟಿಲು ತೊಳೆಯಬೇಕಂತೆ. ಈ ಮೆಟ್ಟಿಲಿಗೆ ಪೊರಕೆ ಬಿದ್ದು ಎಷ್ಟು ಕಾಲವಾಯಿತೋ. ಪಕ್ಕದ ದೇಶ ಚುನಾವಣೆ ನಡೆಸಿದರೆ ಮಾತ್ರ ನಮ್ಮ ಮೆಟ್ಟಿಲು ಸ್ವಚ್ಛವಾಗುವ ಯೋಗ.

ತಾತ ಜನರಲ್ ಕಡೆ. ಟೈಲರ್ ಮತ್ತು ಔಷಧಿ ಅಂಗಡಿಯವ ಡಾಕ್ಟರ್ ಕಡೆ. ಇದಿಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಅತ್ತೆಯೂ ಸೇರಿಕೊಂಡಿದ್ದಾರೆ. ಸಂಜೆ ಮಂಡಿನೋವು ಮರೆತು ಇಳಿದು ಹೋಗಿ, ಮೀಸೆಯವನೇ ಗೆಲ್ಲುವುದು ಎಂದು ಬಂದಿದ್ದಾರೆ. ಯಾಕೆ ಅಂತ ಕೇಳಿದೆ.

“ನಿಮ್ಮ ಮಾವನಿಗೂ ಹಾಗೇ ಇತ್ತಲ್ಲೇ ಮೀಸೆ.”

“ನಾಳೆ ನೀವು ಮೆಟ್ಟಿಲು ತೊಳೀತೀರಾ ಅತ್ತೆ?”

“ನನ್ನ ಸೊಸೆ ಇದಾಳಲ್ಲ” ಅಂದರು. ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಮಗ ಆ ದೇಶದಲ್ಲಿದ್ದಾನೆ, ಇವರಿಗೆ ಮೀಸೆಯ ಚಿಂತೆ.

ಫೆಬ್ರವರಿ 16, ಭಾನುವಾರ

ಇವತ್ತು ಅಲ್ಲಿ ಮತದಾನ. ರೇಡಿಯೋದಲ್ಲಿ ಎಲ್ಲಾ ಶಾಂತ ಅಂದರು. ಫೋನು ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಬಹಳ ಹೊತ್ತು ಕಾದೆ. ಅವನು ಒಂದು ಸ್ಟೂಲು ಕೊಟ್ಟ, ಒರೆಸಲಿಲ್ಲ, ಸೀರೆಗೆ ಬಿಳಿ ಪುಡಿ ಅಂಟಿತು.

ಲೈನು ತುಂಬಿಹೋಗಿರುತ್ತದೆ, ಅಷ್ಟೇ. ನನಗೆ ಗೊತ್ತಿಲ್ಲದ ವಿಷಯವೇ?

ಫೆಬ್ರವರಿ 18, ಮಂಗಳವಾರ

ಮಧ್ಯಾಹ್ನ ಊಟ ಮುಗಿಸಿ ಬೋರ್ಡಿಗೆ ಕೂತೆ. ಗಡಿಯಾಚೆಯ ಸಾಲಿಗೆ ಪ್ಲಗ್ ಚುಚ್ಚಿದೆ. ಸಾಮಾನ್ಯವಾಗಿ ಒಂದು ಕರಕರ ಇರುತ್ತದೆ, ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ. ಇವತ್ತು ಅದೂ ಇಲ್ಲ. ಪಕ್ಕದ ಲೈನಿಗೆ ಹಾಕಿದೆ, ಅದರ ಪಕ್ಕದ್ದಕ್ಕೆ ಹಾಕಿದೆ. ಬಾವಿಗೆ ಕಿವಿ ಕೊಟ್ಟಂತಿತ್ತು. ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ನಿಂತರು. ಆ ಮನುಷ್ಯ ನಮ್ಮ ಯಾರ ಹತ್ತಿರವೂ ಮೆತ್ತಗೆ ಮಾತಾಡಿದವರಲ್ಲ. “ಅಲ್ಲಿ ಎಣಿಕೆ ನಿಲ್ಲಿಸಿದಾರಂತಮ್ಮ. ಗಡಿ ಮುಚ್ಚಿದಾರಂತೆ” ಎಂದು ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿ ಕೇಳಿ ಪ್ಲಗ್ ಕಿತ್ತು ಮತ್ತೆ ಚುಚ್ಚಿದೆ.

ಡಾಕ್ಟರ್ ಮುಂದಿದ್ದರಂತೆ. ಜನರಲ್‌ನ ಸೈನಿಕರು ಎಣಿಕೆಯ ಕಟ್ಟಡಕ್ಕೆ ನುಗ್ಗಿದರಂತೆ. ಹೊರಗೆ ನಿಂತಿದ್ದ ಜನದ ಮೇಲೆ ಗುಂಡು ಹಾರಿತಂತೆ. ಎಲ್ಲಾ ‘ಅಂತೆ’. ಇಡೀ ಮಧ್ಯಾಹ್ನ ಆ ದೇಶಕ್ಕೆ ಕಾಲ್ ಬುಕ್ ಮಾಡಿದವರಿಗೆಲ್ಲ ಲೈನ್ ಸಿಗ್ತಿಲ್ಲ, ಆಮೇಲೆ ಪ್ರಯತ್ನಿಸಿ ಎಂದು ಹೇಳಿದೆ. ಒಬ್ಬ ಹೆಂಗಸು, “ನಿಂಗೇನು ಗೊತ್ತು, ನಿನ್ನೋರು ಯಾರಿದಾರೆ ಅಲ್ಲಿ” ಎಂದು ಬಯ್ದಳು. ಆಮೇಲೆ ಪ್ರಯತ್ನಿಸಿ ಅಂದೆ.

ಸಂಜೆ ಬಂದಾಗ ಬೆಂಚಿನಲ್ಲಿ ಯಾರು ಮೆಟ್ಟಿಲು ತೊಳೆಯಬೇಕು ಎಂಬ ಚರ್ಚೆ. ಎಣಿಕೆಯೇ ನಿಂತರೆ ಸೋತವರು ಯಾರು, ಗೆದ್ದವರು ಯಾರು? ತಾತ, “ನಾನು ಮೊದಲೇ ಹೇಳಲಿಲ್ವಾ, ಆ ಜನಕ್ಕೆ ಬೆತ್ತವೇ ಸರಿ” ಅಂದ. ನಾನು ನಿಂತೆ. ವರ್ಷಗಳಿಂದ ಆ ಬೆಂಚಿನ ಮುಂದೆ ನಿಂತವಳಲ್ಲ.

“ತಾತ, ಆ ಬೆತ್ತದ ಕೆಳಗೆ ನನ್ನ ಗಂಡ ಇದಾರೆ” ಅಂದೆ.

ಟೈಲರ್ ಮೆಷಿನ್ನಿನ ಚಕ್ರಕ್ಕೆ ಸುಮ್ಮನೆ ಕೈ ಇಟ್ಟುಕೊಂಡು ಕೂತಿದ್ದ. ಇಷ್ಟು ದಿನ ಗೊತ್ತಿರಲಿಲ್ಲವೇನು ಇವರಿಗೆ?

ಫೆಬ್ರವರಿ 19, ಬುಧವಾರ

ಲೈನ್ ಇಲ್ಲ.

ಫೆಬ್ರವರಿ 20, ಗುರುವಾರ

ಇಲ್ಲ. ಅತ್ತೆ ಊಟ ಬಿಟ್ಟಿದ್ದಾರೆ. ಬಯ್ದು ತಿನ್ನಿಸಿದೆ. ಆಮೇಲೆ ನನ್ನ ತಟ್ಟೆಯನ್ನು ಹಾಗೇ ತೊಳೆದಿಟ್ಟೆ.

ಸಂಜೆಯ ವಾರ್ತೆಗೆ ಕೆಳಗೆ ಹೋದೆ. ಅತ್ತೆ ಅಲ್ಲಿದ್ದರು, ಮೆಟ್ಟಿಲು ಕತ್ತಲು, ಅವರನ್ನು ಕರೆದುಕೊಂಡು ಬರಲು ಹೋದದ್ದು. ವಾರ್ತೆ ಮುಗಿಯುವ ತನಕ ನಿಂತೆ, ಅಷ್ಟೇ.

ಫೆಬ್ರವರಿ 22, ಶನಿವಾರ

ಬೆಂಚಿನ ತುದಿ ಖಾಲಿ ಇತ್ತು, ಕೂತೆ. ಈಗೀಗ ಆ ತುದಿ ಖಾಲಿಯೇ ಇರುತ್ತದೆ. ಟೈಲರ್ ನುಗ್ಗಾದ ತಗಡಿನ ಡಬ್ಬವೊಂದರ ಮೇಲೆ ಕೂರುತ್ತಾನೆ, ಬೀಳುವುದು ಬಾಕಿ. ತಾತ ಟ್ರಾನ್ಸಿಸ್ಟರಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದಾನೆ. ಇದುವರೆಗೆ ಹಳೆಯದನ್ನು ಬಿಸಿಲಿಗಿಟ್ಟು ಓಡಿಸುತ್ತಿದ್ದ ಜುಗ್ಗ, ಈಗ ದೊಡ್ಡಸ್ತಿಕೆ. ಆ ದೇಶದ ಸ್ಟೇಷನ್ನನ್ನೇ ಹುಡುಕಿ ಹಿಡಿದ. ಒಂದೇ ಸಮನೆ ಮಿಲಿಟರಿ ಬ್ಯಾಂಡು. ನಾಲ್ಕೂ ಜನ ಅದನ್ನು ಕೇಳುತ್ತಾ ಕೂತೆವು. ಬ್ಯಾಂಡಿನಲ್ಲಿ ಏನು ಗೊತ್ತಾಗುತ್ತದೆ? ಆದರೂ ಯಾರೂ ಏಳಲಿಲ್ಲ.

ಔಷಧಿ ಅಂಗಡಿಯವ ಈಗ ಅಂಗಡಿಯಲ್ಲೇ ಮಲಗುತ್ತಾನೆ. ಹೆಂಡತಿ ಜೊತೆ ಜಗಳವಿರಬೇಕು. ಫೋನಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಾನೆ. ಗಿರಾಕಿಗಳು ಕಾಲಿಡಲು ಜಾಗವಿಲ್ಲ.

ಗೋಡೆಯ ಮೇಲಿನ ಮೀಸೆಗೆ ಈಗ ದಿನವೂ ಶಾಪ. ಕಟುಕ ಅನ್ನುತ್ತಾರೆ, ರಾಕ್ಷಸ ಅನ್ನುತ್ತಾರೆ. ಅತ್ತೆಯೂ ಪಕ್ಷ ಬದಲಿಸಿ, ನಿಮ್ಮ ಮಾವನ ಮೀಸೆ ಹೀಗಿರಲಿಲ್ಲ ಬಿಡು ಅಂದುಬಿಟ್ಟರು. ಪಕ್ಕದಲ್ಲಿ ಬೋಳುತಲೆಯವನು ಕನ್ನಡಕದೊಳಗಿಂದ ನಗುತ್ತಲೇ ಇದ್ದಾನೆ. ತಿದ್ದುವಷ್ಟು ತ್ರಾಣ ನನ್ನಲ್ಲಿ ಇಲ್ಲ.

ಫೆಬ್ರವರಿ 25, ಮಂಗಳವಾರ

ಬಂದರು. ಹಣ್ಣಿನ ಲಾರಿಯಲ್ಲಿ ಬಂದರು. ನನ್ನ ಜೀವ ಬಂತು.

ಎಕ್ಸ್‌ಚೇಂಜಿಗೆ ಔಷಧಿ ಅಂಗಡಿಯವ ಫೋನು ಮಾಡಿದ್ದ. “ಅಕ್ಕಾ, ಬಂದ್ರು” ಅಂದ, ಫೋನು ಇಟ್ಟುಬಿಟ್ಟ. ಹೆಡ್‌ಫೋನ್ ಎಲ್ಲಿ ಬಿಸಾಕಿದೆನೋ ನೆನಪಿಲ್ಲ. ಸೂಪರ್‌ವೈಸರ್ ನನ್ನ ಚೀಲ ಹಿಡಿದುಕೊಂಡು ಗೇಟಿನ ತನಕ ಹಿಂದೆ ಓಡಿಬಂದರು.

ಇವರು ಬೆಂಚಿನ ಮೇಲೆ ಕೂತಿದ್ದರು, ಕಾಲ ಹತ್ತಿರ ಉಪಕರಣದ ಚೀಲ. ಗಡ್ಡ ಬಂದಿದೆ, ಅಂಗಿ ಭುಜದಿಂದ ಜಾರುವಷ್ಟು ಸೊರಗಿದ್ದಾರೆ. ಗಾಯ ಏನೂ ಇಲ್ಲ. ಅತ್ತೆ ಮೈಯೆಲ್ಲಾ ಮುಟ್ಟಿ ಮುಟ್ಟಿ ನೋಡಿದರು. ಇವರು ನನ್ನನ್ನು ನೋಡಿ ತಲೆಯಾಡಿಸಿದರು, ತುಟಿ ಬಿಚ್ಚಲಿಲ್ಲ.

ಬೆಂಚಿನವರು ಎದ್ದು ನಿಂತಿದ್ದರು. ಟ್ರಾನ್ಸಿಸ್ಟರ್ ಆರಿಸಿದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ಬಾಯಿಚಪಲದವರು! ನನಗೆ ನಂಬಿಕೆಯಾಗಲಿಲ್ಲ. ನಾಳೆ ಬೆಳಿಗ್ಗೆಗೇ ಮುತ್ತಿಕೊಂಡು ಪ್ರಾಣ ತಿನ್ನುತ್ತಾರೆ, ನೋಡುತ್ತಿರು.

ಫೆಬ್ರವರಿ 28, ಶುಕ್ರವಾರ

ಮುತ್ತಿಕೊಳ್ಳಲಿಲ್ಲ.

ಇವರು ಮಾತಾಡುವುದಿಲ್ಲ. ಊಟ ಮಾಡುತ್ತಾರೆ, ಸ್ನಾನ ಮಾಡುತ್ತಾರೆ, ಕೇಳಿದರೆ ತಲೆಯಾಡಿಸುತ್ತಾರೆ. ಉಳಿದ ಹೊತ್ತು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಗರ ಬಡಿದವರಂತೆ. ಅತ್ತೆ ಮಗ ಹುಟ್ಟಿದ್ದರಿಂದ ಹಿಡಿದು ಎಲ್ಲ ಕಥೆ ಹೇಳಿ ಮುಗಿಸಿದರು. ಕಿವಿಗೆ ಬಿದ್ದಂತೆ ಕಾಣಲಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಹೇಗಿದ್ದಾರೆ ಎಂದು ನಾನು ಕೇಳಿದೆ, ಏನೋ ಮಾತು ಶುರುವಾಗಲಿ ಅಂತ. ಎದ್ದು ಅಡುಗೆಮನೆಗೆ ಹೋದರು. ಹೋಗಿ ನೋಡಿದರೆ ಸಕ್ಕರೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಪಾಟನ್ನೇ ನೋಡುತ್ತಾ ನಿಂತಿದ್ದಾರೆ. ಟೀಗೆ ಸಕ್ಕರೆ ಸಾಲದೇ ಹೋಗಿತ್ತೇನೋ.

ಕೆಳಗಿನವರದೂ ಹೊಸ ನಾಟಕ. ಇವರು ಮೆಟ್ಟಿಲಿಳಿದರೆ ಟೈಲರ್ ಮೆಷಿನ್ನು ನಿಲ್ಲಿಸುತ್ತಾನೆ. ತಾತ ಟ್ರಾನ್ಸಿಸ್ಟರನ್ನು ಶಾಲಿನೊಳಗೆ ಬಚ್ಚಿಡುತ್ತಾರೆ. ಔಷಧಿ ಅಂಗಡಿಯವರು ಒಂದು ಟಾನಿಕ್ ಬಾಟಲಿ ಕೊಟ್ಟು, ಮಾತು ಬರುವುದಕ್ಕೆ ಔಷಧಿ ಇಲ್ಲ ಅಕ್ಕ, ಇದು ಶಕ್ತಿಗೆ ಅಂದರು. ಇಡೀ ಕಟ್ಟಡ ಬೆಕ್ಕಿನ ಹೆಜ್ಜೆ ಇಡುತ್ತಿದೆ. ಇಷ್ಟು ವರ್ಷ ನಾನು ಬೇಡಿಕೊಂಡ ಮೌನ ಇದೇ ಅಲ್ಲವೇ? ಸಿಕ್ಕಿತಲ್ಲ. ತಲೆ ಚಚ್ಚಿಕೊಳ್ಳುವಂತಾಗಿದೆ.

ಬೋರ್ಡಿನಲ್ಲಿ ಗಡಿಯಾಚೆಯ ಲೈನು ಇವತ್ತು ಬಂತು. ಆ ಕರಕರ ಕೇಳಿ ಅಳು ಬಂತು. ಪಕ್ಕದವಳು ನೋಡಿದಳು, ಶೀತ ಅಂದೆ.

ಮಾರ್ಚ್ 4, ಮಂಗಳವಾರ

ಇವತ್ತು ಕೆಳಗೆ ಹೋಗಿ ಮೂವರಿಗೂ ಚೆನ್ನಾಗಿ ಬಯ್ದೆ. ನಿಮ್ಮ ನಾಲಿಗೆಗೆ ಏನು ಬಂತು, ಊರ ಉಸಾಬರಿಗೆಲ್ಲ ಇದ್ದ ಬಾಯಿ ಈಗ ಸತ್ತುಹೋಯಿತೇ ಅಂದೆ. ಮೊದಲಿನ ಹಾಗೇ ಮಾತಾಡಿ, ತಲೆಬುಡ ಇಲ್ಲದಿದ್ದರೂ ಸರಿ, ಮಾತಾಡಿ ಅಂದೆ.

ತಾತ ಟ್ರಾನ್ಸಿಸ್ಟರನ್ನು ಶಾಲಿನೊಳಗಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನೋಡಿ ಬಂದವನ ಮುಂದೆ, ನೋಡದೇ ಇರೋರು ಏನಮ್ಮಾ ಮಾತಾಡೋದು?” ಅಂದರು.

ಇಷ್ಟು ದಿನ ಎಲ್ಲಿತ್ತೋ ಈ ವಿವೇಕ.

“ಆರು ಗಂಟೆಗೆ ಅವರನ್ನ ಕರ್ಕೊಂಡು ಬರ್ತೀನಿ. ನೀವು ಮಾತಾಡ್ತಿರ್ಬೇಕು” ಅಂದೆ.

ಕರೆದುಕೊಂಡು ಹೋದೆ. ಮಾತಾಡಿದರು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಒಪ್ಪಿಸುವಂತೆ. ಔಷಧಿ ಅಂಗಡಿಯವರು ಈ ಸಲ ಸೆಖೆ ಜಾಸ್ತಿ ಅಂದರು. ಹೌದು ಜಾಸ್ತಿ ಎಂದ ಟೈಲರ್. ತಾತ ಕೆಮ್ಮಿದರು. ಇಂಥ ಕೆಟ್ಟ ನಟರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಇವರು ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಆದರೂ ಏಳಲಿಲ್ಲ.

ಮಾರ್ಚ್ 6, ಗುರುವಾರ

ಹೇಗೆ ಆಯಿತೋ ಹಾಗೇ ಬರೆದಿಡುತ್ತೇನೆ.

ಇವತ್ತು ಮೂರನೆಯ ಸಂಜೆ. ಬೆಂಚಿನ ಮೇಲೆ ತಾತ, ಇವರು, ಅತ್ತೆ. ನಾನು ತುದಿಯಲ್ಲಿ. ಔಷಧಿ ಅಂಗಡಿಯವರು ಬಾಗಿಲಿಗೆ ಒರಗಿದ್ದರು. ಸೆಖೆಯ ಮಾತು ಮುಗಿದಿತ್ತು, ಪಂಪಿನ ಮಾತೂ ಮುಗಿದಿತ್ತು. (ಅರ್ಜಿ ಕೊಟ್ಟರಂತೆ, ಕೊನೆಗೂ.) ತಾತ ವಾರ್ತೆ ಹಾಕಿದರು. ಆ ದೇಶದಲ್ಲಿ ಜನರಲ್ ಪ್ರಮಾಣವಚನ ತೆಗೆದುಕೊಂಡ, ಡಾಕ್ಟರ್ ಎಲ್ಲಿದ್ದಾರೆ ಗೊತ್ತಿಲ್ಲ ಎಂದಿತು ರೇಡಿಯೋ.

ಟೈಲರನಿಗೆ ತಡೆಯಲಾಗಲಿಲ್ಲ. ಹೊಲಿಯುತ್ತಿದ್ದ ಪ್ಯಾಂಟನ್ನು ಬಿಸಾಕಿ ಎದ್ದ. “ಅಲ್ನೋಡು, ಮೀಸೆ ತಿರುವಿಕೊಂಡು ಹೇಗೆ ನಿಂತಿದಾನೆ ಕಟುಕ ನನ್ಮಗ. ಇವನ ಮುಖ ನನ್ನ ಅಂಗಡೀಲಿ ಯಾಕಿರ್ಬೇಕು” ಎಂದು ಕತ್ತರಿ ತೆಗೆದುಕೊಂಡು ಹುರಿಮೀಸೆಯ ಫೋಟೋದ ಅಂಚಿಗೆ ಚುಚ್ಚಿ ಕೀಳಲು ಹೋದ.

“ಅದನ್ನ ಮುಟ್ಬೇಡ.”

ಇವರ ದನಿ. ಒಂಬತ್ತು ದಿನದ ಮೇಲೆ. ತುಕ್ಕು ಹಿಡಿದ ಬಾಗಿಲಿನಂತಿತ್ತು. ಟೈಲರ್ ಕತ್ತರಿ ಹಿಡಿದ ಕೈ ಹಾಗೇ ನಿಲ್ಲಿಸಿದ.

“ಅವರು ಡಾಕ್ಟರು” ಅಂದರು ಇವರು. ಎದ್ದು ಹೋಗಿ, ಕಿತ್ತು ಬಂದಿದ್ದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಗೋಡೆಗೆ ಅಂಟಿಸಿದರು. “ಆ ನಗ್ತಿರೋನು ಜನರಲ್. ಇವರು ಡಾಕ್ಟರು. ನನ್ನ ರೂಮಿನವನ ಮಗೂನ ಉಳಿಸಿದವರು ಇವರು.”

ಆಮೇಲೆ ನಿಲ್ಲಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೇ ಹೇಳುತ್ತಾ ಹೋದರು. ಎಲೆಕ್ಟ್ರಿಷಿಯನ್ ವೋಟು ಹಾಕಿ ಬಂದು ಅಂಗಿ ಬಿಚ್ಚಿ ಮತ್ತೆ ಮೊಳೆಗೇ ಹಾಕಿದನಂತೆ. ಎಣಿಕೆಯ ದಿನ, ನನ್ನ ವೋಟು ಎಣಿಸುವುದನ್ನು ನೋಡಿ ಬರುತ್ತೇನೆ ಎಂದು ಅದೇ ಅಂಗಿ ಹಾಕಿಕೊಂಡು ಹೋದನಂತೆ. ಇವರು ಹಿಂದಿನ ದಿನವೇ ಕೊನೆಯ ಹಗ್ಗ ಕೂರಿಸಿ ಮುಗಿಸಿದ್ದರು. ಆಸ್ಪತ್ರೆಗೆ ಇನ್ನೂ ಉದ್ಘಾಟನೆಯೇ ಆಗಿರಲಿಲ್ಲ, ಮಂಚಗಳಿಗೆ ಸುತ್ತಿದ್ದ ಕಾಗದ ತೆಗೆದಿರಲಿಲ್ಲ. ಗುಂಡು ಬಿದ್ದವರನ್ನೆಲ್ಲ ಅಲ್ಲಿಗೇ ತಂದರು. ಲಿಫ್ಟ್ ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ.

“ಇಡೀ ದಿನ ನಾನೇ ಓಡಿಸ್ದೆ. ಅವನನ್ನ ಮೇಲೆ ತಗೊಂಡು ಹೋಗಿದ್ದೂ ನಾನೇ. ನನ್ನ ಲಿಫ್ಟ್ ಒಂದು ಸಲಾನೂ ನಿಲ್ಲಲಿಲ್ಲ. ಸಂಜೆ ಅವನನ್ನ ಕೆಳಗೆ ತಂದಿದ್ದೂ ನಾನೇ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಇವರ ಭುಜ ಕುಲುಕುತ್ತಿತ್ತು. ಬಂದಾಗಿನಿಂದ ಅತ್ತದ್ದು ಇದೇ ಮೊದಲು. ಹತ್ತಿರ ಹೋಗಬೇಕು ಅಂದುಕೊಳ್ಳುವಷ್ಟರಲ್ಲಿ ತಾತ ಎದ್ದು ಹೋಗಿ ಇವರ ಬೆನ್ನ ಮೇಲೆ ಕೈ ಇಟ್ಟರು. “ಏನಪ್ಪಾ ಅವನ ಹೆಸರು?” ಎಂದು ಕೇಳಿದರು. ಇವರು ಹೇಳಿದರು. ನಮ್ಮ ಕಡೆಯ ಹೆಸರಲ್ಲ, ತಾತ ಎರಡು ಸಲ ತಪ್ಪಾಗಿ ಹೇಳಿದರು, ಇವರು ಎರಡು ಸಲವೂ ತಿದ್ದಿದರು. ಮೂರನೆಯ ಸಲ ಸರಿಯಾಗಿ ಬಂತು. ಔಷಧಿ ಅಂಗಡಿಯವರೂ ಒಮ್ಮೆ ಹೇಳಿ ನೋಡಿದರು. ಅವನ ಮಗಳಿಗೆ ಈಗ ಎಷ್ಟು ವರ್ಷ, ಹೆಂಡತಿ ಎಲ್ಲಿದ್ದಾಳೆ ಎಂದೆಲ್ಲ ಕೇಳಿದರು. ಇವರು ಒಂದೊಂದಕ್ಕೂ ಉತ್ತರ ಹೇಳಿದರು, ಆ ದಿನ ಫೋನಿನಲ್ಲಿ ಹೇಳಿದ ಹಾಗೇ.

ಟೈಲರ್ ಒದ್ದೆ ಬಟ್ಟೆ ತಂದು ಎರಡೂ ಹೆಸರನ್ನು ಅಳಿಸಿದ. ತಿರುಗಿಸಿ ಬರೆದ. ಅಕ್ಷರ ಸೊಟ್ಟಗಾಯಿತು. “ನಂಗೆ ಗೊತ್ತಿರ್ಲಿಲ್ಲ ಅಣ್ಣ. ಯಾರೂ ಹೇಳ್ಲಿಲ್ಲ” ಅಂದ.

ಇವರು ಆಗ ನನ್ನ ಕಡೆ ತಿರುಗಿದರು. ಕಣ್ಣು ಒರೆಸಿಕೊಳ್ಳುತ್ತಲೇ, ಕೋಪವೇನೂ ಇಲ್ಲದೆ, ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದರು.

“ಸಕ್ಕರೆ ಡಬ್ಬಿ ಕೆಳಗೆ ಅವರ ಪೋಸ್ಟರ್ ಇದೆಯಲ್ಲೇ. ನಿಂಗೆ ಗೊತ್ತಿತ್ತು. ಇವರಿಗೆ ಹೇಳ್ಲಿಲ್ವಾ?”

ಎಲ್ಲರೂ ನನ್ನನ್ನು ನೋಡಿದರು.

“ಅವಳಿಗೆ ಪುರುಸೊತ್ತೆಲ್ಲಿತ್ತು ಬಿಡೋ, ಪಾಪ. ಕೆಲಸದಿಂದ ಬರೋ ಹೊತ್ತಿಗೆ ಸಾಕಾಗಿರುತ್ತೆ” ಅಂದರು ಅತ್ತೆ. ಅತ್ತೆ ನನ್ನ ಪರ ಮಾತಾಡಿದ್ದು ಮದುವೆಯಾದಾಗಿನಿಂದ ಇದೇ ಮೊದಲಿರಬೇಕು. ಹೌದು ಹೌದು, ಪುರುಸೊತ್ತೆಲ್ಲಿ ಎಂದು ಟೈಲರೂ ಸೇರಿಸಿದ. ಆ ಕೂಡಲೇ ಪಂಥದ ಮಾತು ಎತ್ತಿದ, ಬೇಕೆಂದೇ ಎತ್ತಿದನೋ ಏನೋ. ಅತ್ತೆ ಪಂಥ ಕಟ್ಟಿದ್ದು ಮೀಸೆಯ ಮೇಲೋ ಜನರಲ್ ಮೇಲೋ, ಮೀಸೆಯ ಮೇಲಾದರೆ ಅವರು ಡಾಕ್ಟರ್ ಕಡೆಯವರಾಗಲಿಲ್ಲವೇ, ವೋಟಿನ ಲೆಕ್ಕಕ್ಕೆ ಗೆದ್ದವರು ಯಾರು, ಬಂದೂಕಿನ ಲೆಕ್ಕಕ್ಕೆ ಯಾರು. ಮತ್ತೆ ಅದೇ ಕಾಡುಹರಟೆ, ಅದೇ ಗದ್ದಲ. ಯಾರು ತೊಳೆಯಬೇಕು ಎಂದು ತೀರ್ಮಾನವೇ ಆಗಲಿಲ್ಲ. ಇವರು ಮಧ್ಯೆ ಕೂತು, ಹಾಗಲ್ಲ, ಅಲ್ಲಿಯ ಲೆಕ್ಕ ಬೇರೆ ಎಂದು ವಿವರಿಸುತ್ತಿದ್ದರು. ಒಬ್ಬರಿಗೂ ಅರ್ಥವಾದಂತೆ ಕಾಣಲಿಲ್ಲ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಬೇಗ ಎದ್ದು ಮೆಟ್ಟಿಲು ತೊಳೆದೆ. ಮೇಲಿನಿಂದ ಬೆಂಚಿನ ತನಕ ಪೂರ್ತಿ. ಪಂಪು ಇನ್ನೂ ಕೆಟ್ಟೇ ಇದೆ, ನೀರು ಹೊತ್ತು ಸೊಂಟ ಹೋಯಿತು.

ಬೇರೇನಿಲ್ಲ, ಕೊಳಕಾಗಿತ್ತು. ಈ ಮುಠ್ಠಾಳರ ತೀರ್ಮಾನಕ್ಕೆ ಕಾಯುತ್ತಾ ಕೂತರೆ ಆಗುವ ಕೆಲಸವೇ ಅದು?

ನಾಳೆಯೂ ತೊಳೆಯಬೇಕು. ಸಂಜೆ ಹೋಗುವಾಗ ಮನೆಯ ಸ್ಟೂಲು ತೆಗೆದುಕೊಂಡು ಹೋಗಬೇಕು. ಟೈಲರ್ ಇನ್ನೂ ಆ ಡಬ್ಬದ ಮೇಲೇ ಕೂರುತ್ತಿದ್ದಾನೆ, ಪೆದ್ದ.